ಯಾವ ತುದಿ ದಪ್ಪ? ಹಿತ್ತಲಿನ ಹಳೆ ಲೇತ್‌ನ ಒಂದು ಪ್ರಕರಣ

ಕಳೆದ ವರ್ಷ ಮೇ ಕೊನೆಯ ವಾರ ದಾವಣಗೆರೆಯ ನಮ್ಮ ಮನೆ ಹಿತ್ತಲಿಗೆ ಒಂದು ಹಳೆ ಲೇತ್ ಬಂದಿಳಿಯಿತು. ಲೇತ್ ಅಂದರೆ ಲೋಹದ ರಾಡನ್ನು ಗಿರಗಿರ ತಿರುಗಿಸುತ್ತಾ ಟೂಲ್‌ನಿಂದ ಕೊಯ್ದು ಆಕಾರ ಕೊಡುವ ಯಂತ್ರ. ಇದು ಮೂರಡಿ ಬೆಡ್‌ನ (ಎಲ್ಲ ಭಾಗಗಳನ್ನು ಹೊರುವ, ಮೇಲೆ ಹಳಿಗಳಿರುವ ಎರಕದ ಪೀಠ) ಸಣ್ಣ ಮಷಿನ್. ಅದರಲ್ಲಿ ಅರ್ಧ ಗೇಣುದ್ದದ ರಾಡನ್ನು ಈ ತುದಿಯಿಂದ ಆ ತುದಿವರೆಗೆ ಒಂದೇ ದಪ್ಪಕ್ಕೆ ಇಳಿಸುವಷ್ಟರಲ್ಲಿ ಆಗಸ್ಟ್ ಮೂರನೇ ವಾರ ಬಂದಿತ್ತು. ಆ ಮೂರು ತಿಂಗಳು ಮಷಿನ್‌ಗೆ ಬೈದೆ, ಮಾರಿದವನಿಗೆ ಬೈದೆ, 22,000 ರೂಪಾಯಿ ಕೊಟ್ಟು ಬೆಡ್ ಗ್ರೈಂಡ್ ಮಾಡಿಸಲೂ ಹೊರಟಿದ್ದೆ. ಕೊನೆಗೆ ನೋಡಿದರೆ ತಪ್ಪು ಮಷಿನ್‌ನದ್ದೇ ಅಲ್ಲ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಅದಕ್ಕೇ ಇದನ್ನು ಬರೆಯುವಾಗ ಸ್ವಲ್ಪ ನಾಚಿಕೆಯೂ ಆಗುತ್ತಿದೆ.

ಲೇತ್ ಯಾಕೆ ಬೇಕಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ನನಗೆ ಹಳೆ ಟೇಬಲ್ ಫ್ಯಾನುಗಳ ಹುಚ್ಚು. ಗುಜರಿಯಲ್ಲಿ ಸಿಕ್ಕಿದ್ದನ್ನು ತಂದು ರಿಪೇರಿ ಮಾಡುತ್ತೇನೆ. ವೈಂಡಿಂಗ್ ಚೆನ್ನಾಗಿಯೇ ಇರುತ್ತದೆ, ಶಾಫ್ಟ್ ಕೂರುವ ಗನ್‌ಮೆಟಲ್ ಬುಷ್ (ಬಳೆಯಂಥ ತುಂಡು) ಸವೆದು ಫ್ಯಾನು ಗೊರಗೊರ ಅನ್ನುತ್ತಿರುತ್ತದೆ. ಬುಷ್ ಮಾಡಿಸಲು ವರ್ಕ್‌ಶಾಪ್‌ಗೆ ಹೋದರೆ ಅವರಿಗೆ ಟ್ರ್ಯಾಕ್ಟರ್ ಪಿನ್ನು, ಮಿಲ್ಲಿನ ಶಾಫ್ಟುಗಳ ನಡುವೆ ಈ ಇಪ್ಪತ್ತು ಮಿಲಿಮೀಟರ್ ಉದ್ದದ ಬುಷ್‌ಗೆ ಪುರುಸೊತ್ತು ಎಲ್ಲಿಂದ ಬರಬೇಕು? "ಶನಿವಾರ ಬಾ ಸರ್" ಅನ್ನುತ್ತಾರೆ. ಹಾಗೆ ಒಂದು ಬುಷ್‌ಗೆ ಆರು ಶನಿವಾರ ಅಲೆದ ಮೇಲೆ ಸ್ವಂತ ಲೇತ್ ತೆಗೆದುಕೊಳ್ಳುವುದೇ ಸರಿ ಅನ್ನಿಸಿತು.

ನಮ್ಮ ಕಡೆ ಲೇತ್ ಅಂದರೆ ಹೊಸ ಮಾತಲ್ಲ. ಪಕ್ಕದ ಹರಿಹರದಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದದ್ದು 1941ರಲ್ಲಿ. ಬೆಂಗಳೂರಿನ ಎಚ್‌ಎಂಟಿ 1953ರದ್ದು, ಅಂದರೆ ಹರಿಹರದ್ದು ಹನ್ನೆರಡು ವರ್ಷ ದೊಡ್ಡದು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅಲ್ಲಿ ಲೇತ್ ಹಿಡಿದ ಕೈಗಳು ಈ ಊರುಗಳಲ್ಲಿ ಇನ್ನೂ ಇವೆ. ನಮ್ಮ ಚಿಕ್ಕಪ್ಪ ಅಂಥವರಲ್ಲೊಬ್ಬರು, ಅಲ್ಲಿ ಟರ್ನರ್ ಆಗಿದ್ದವರು. ನಾನು ಆಸೆಪಟ್ಟದ್ದೂ ಮೊದಲು ಅಲ್ಲಿಯ ಎಂಟರ್‌ಪ್ರೈಸ್ ಲೇತ್‌ಗೇ. ಆದರೆ ಅದು ನಮ್ಮ ಹಿತ್ತಲಿನ ಕೊಟ್ಟಿಗೆ ಬಾಗಿಲಲ್ಲಿ ಹಿಡಿಸುವ ಮಷಿನ್ ಅಲ್ಲ. ಹೌದು, ಕೊಟ್ಟಿಗೆ. ಮೊದಲು ದನ ಕಟ್ಟುತ್ತಿದ್ದ ಜಾಗ. ಈಗ ದನ ಇಲ್ಲ, ಶಹಾಬಾದ್ ಕಲ್ಲು ಹಾಸಿದ ನೆಲ ಮತ್ತು ತಗಡಿನ ಸೂರು ಉಳಿದಿವೆ. ಈ ನೆಲವನ್ನು ನೆನಪಿಟ್ಟುಕೊಳ್ಳಿ.

ಕೊಳ್ಳುವ ದಿನ

ಹುಬ್ಬಳ್ಳಿಯಲ್ಲಿ ಹಳೆ ಮಷಿನ್ ಮಾರುವವರೊಬ್ಬರ ಶೆಡ್‌ನಲ್ಲಿ ಇದು ಸಿಕ್ಕಿತು. ಮಾಡಿದವರ ಹೆಸರಿನ ಪ್ಲೇಟ್ ಕಿತ್ತು ಹೋಗಿತ್ತು. "ರಾಜ್‌ಕೋಟ್ ಮಾಲು" ಅಂದರು, ಪಕ್ಕದಲ್ಲಿದ್ದವರು "ಬಟಾಲಾದ್ದು" ಅಂದರು. ಎರಡೂ ಊರುಗಳಲ್ಲಿ ಲೇತ್ ಮಾಡುತ್ತಾರೆ, ಯಾವುದಾದರೂ ನನಗೇನೂ ವ್ಯತ್ಯಾಸವಿರಲಿಲ್ಲ. ಮೇಲೆ ಹೊಸದಾಗಿ ಹಸಿರು ಪೇಂಟ್ ಬಳಿದಿದ್ದರು. ಹಳೆ ಮಷಿನ್‌ಗೆ ಹೊಸ ಪೇಂಟ್ ಕಂಡರೆ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಪೇಂಟಿನ ಕೆಳಗೆ ಪುಟ್ಟಿ ಇರಬಹುದು, ಪುಟ್ಟಿಯ ಕೆಳಗೆ ಬಿರುಕು ಇರಬಹುದು. ಹೆಡ್‌ಸ್ಟಾಕ್ (ಎಡತುದಿಯ ತಲೆಪೆಟ್ಟಿಗೆ), ಬೆಡ್‌ನ ಕಾಲುಗಳು, ಗೇರ್ ಕವರ್‌ನ ಮೂಲೆಗಳನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿದೆ. ಎಲ್ಲ ಕಡೆ ಒಂದೇ ಸದ್ದು ಬಂತು.

ನಾನು ಡಯಲ್ ಗೇಜ್ (ಕಡ್ಡಿ ಚೂರು ಅಲುಗಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ), ಮ್ಯಾಗ್ನೆಟ್ ಸ್ಟ್ಯಾಂಡ್ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಚಿಕ್ಕಪ್ಪ ಹೇಳಿದ್ದು ಎರಡೇ ಮಾತು. "ಸ್ಪಿಂಡಲ್ ಎತ್ತಿ ನೋಡು, ಬೆಡ್ ಉಗುರಾಗೆ ಕೆರೆದು ನೋಡು. ಉಳಿದದ್ದು ಎಲ್ಲಾ ರಿಪೇರಿ ಆಗ್ತದೆ."

ಸ್ಪಿಂಡಲ್ ಅಂದರೆ ಹೆಡ್‌ಸ್ಟಾಕ್ ಒಳಗೆ ತಿರುಗುವ ಮುಖ್ಯ ಶಾಫ್ಟ್, ಅದರ ಮೂತಿಗೆ ಕೂತು ರಾಡ್ ಹಿಡಿಯುವುದು ಚಕ್. ಸ್ಪಿಂಡಲ್ ಎತ್ತಿ ನೋಡುವುದು ಹೀಗೆ. ಡಯಲ್ ಕಡ್ಡಿಯನ್ನು ಚಕ್ ಮೇಲೆ ಇಡಬಾರದು, ಚಕ್ ಹಿಂದಿನ ಸ್ಪಿಂಡಲ್ ಮೂತಿಯ ಮೇಲೆಯೇ ಇಡಬೇಕು. ಚಕ್‌ನಲ್ಲಿ ಒಂದು ದಪ್ಪ ರಾಡ್ ಹಿಡಿದು ಅದರ ಕೆಳಗೆ ಮರದ ತುಂಡಿನಿಂದ ಮೀಟಬೇಕು. ಮುಳ್ಳು 0.07 ಮಿಲಿಮೀಟರ್ ಜಿಗಿಯಿತು. ಈ ಮಷಿನ್‌ನಲ್ಲಿ ಬಾಲ್ ಬೇರಿಂಗ್ ಇಲ್ಲ, ಎರಡು ಹೋಳಿನ ಗನ್‌ಮೆಟಲ್ ಬುಷ್. ಅದರ ಕ್ಯಾಪ್ ಕೆಳಗೆ ಶಿಮ್‌ಗಳು, ಅಂದರೆ ತೆಳುವಾದ ಲೋಹದ ಹಾಳೆಗಳು ಇರುತ್ತವೆ, ಒಂದು ತೆಗೆದರೆ ಆಟ (ಸಡಿಲ ಅಲುಗಾಟ) ಕಡಿಮೆಯಾಗುತ್ತದೆ. ಅದು ನನಗೆ ಗೊತ್ತಿತ್ತು. ಮಾರುವವರಿಗೂ ಗೊತ್ತಿತ್ತು. ಆದರೂ ಆ 0.07 ಚೌಕಾಸಿಗೆ ಚೆನ್ನಾಗಿ ಒದಗಿತು.

ಬೆಡ್ ಮಾತ್ರ ನಿಜವಾಗಿಯೂ ಸವೆದಿತ್ತು. ಚಕ್ ಹತ್ತಿರ ಮುಂದಿನ ಹಳಿಯ ಅಂಚಿನಲ್ಲಿ ಉಗುರು ಆಡಿಸಿದರೆ ಸಣ್ಣ ಮೆಟ್ಟಿಲು ತಾಗುತ್ತಿತ್ತು. ಟೂಲ್ ಹೊತ್ತು ಬೆಡ್ ಮೇಲೆ ಓಡಾಡುವ ಸ್ಯಾಡಲನ್ನು ಚಕ್ ಹತ್ತಿರ ತಂದು, ಅದರ ಬಿಗಿ ಹೊಂದಿಸುವ ಜಿಬ್ ಸ್ಕ್ರೂಗಳನ್ನು ಆಟ ಇಲ್ಲದ ಹಾಗೆ ಬಿಗಿದು, ಬಲತುದಿಯ ಟೇಲ್‌ಸ್ಟಾಕ್ (ರಾಡಿನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ಕಡೆಗೆ ಓಡಿಸಿದೆ. ಅರ್ಧ ದಾರಿಯಲ್ಲೇ ಗಟ್ಟಿಯಾಗಿ ನಿಂತಿತು. ಚಕ್ ಹತ್ತಿರ ಜಾಸ್ತಿ ಕೆಲಸ ಆಗಿದೆ, ಆ ಕಡೆ ಕಡಿಮೆ ಅಂತ ಅರ್ಥ. ಹಳೆ ಲೇತ್ ಎಲ್ಲವೂ ಹೀಗೇ. ವೇಗ ಇಳಿಸುವ ಬ್ಯಾಕ್‌ಗೇರ್‌ನಲ್ಲಿ ಎರಡು ಹಲ್ಲು ಮುರಿದು ಹಿತ್ತಾಳೆ ಬ್ರೇಜಿಂಗ್ ಮಾಡಿ ಮತ್ತೆ ಕೊರೆದಿದ್ದರು, ಕೆಲಸ ನೀಟಾಗಿತ್ತು. ಚಕ್‌ನ ಮೂರು ದವಡೆಗಳ ನಂಬರ್ ಒಂದಕ್ಕೊಂದು ಹೊಂದುತ್ತಿದ್ದವು, ಅದು ಸಮಾಧಾನ. ಥ್ರೆಡ್ ಕೊರೆಯುವ ಗೇರ್‌ಗಳ ಸೆಟ್‌ನಲ್ಲಿ 127 ಹಲ್ಲಿನದ್ದು ಇರಲಿಲ್ಲ.

ಈ 127ರ ಬಗ್ಗೆ ಒಂದು ಮಾತು. ಲೀಡ್‌ಸ್ಕ್ರೂ (ಥ್ರೆಡ್ ಕೊರೆಯುವಾಗ ಸ್ಯಾಡಲನ್ನು ಎಳೆಯುವ ಉದ್ದ ಸ್ಕ್ರೂ) ಇಂಚಿನದ್ದಾದರೆ ಮಿಲಿಮೀಟರ್ ಥ್ರೆಡ್ ಸರಿಯಾಗಿ ಕೊರೆಯಲು ಆ ಗೇರ್ ಬೇಕು, ಯಾಕೆಂದರೆ ಒಂದು ಇಂಚು 25.4 ಮಿಲಿಮೀಟರ್, ಅದರ ಐದು ಪಟ್ಟು 127. ನನ್ನ ಲೀಡ್‌ಸ್ಕ್ರೂ ಇಂಚಿಗೆ ಎಂಟು ಸುತ್ತಿನದು. ಅದರಲ್ಲಿ ಒಂದೂವರೆ ಮಿಲಿಮೀಟರ್ ಪಿಚ್ (ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಂತರ) ಬೇಕಾದರೆ ಸ್ಪಿಂಡಲ್ ಕಡೆ 60 ಹಲ್ಲು, ಲೀಡ್‌ಸ್ಕ್ರೂ ಕಡೆ 127 ಹಲ್ಲು ಹಾಕಬೇಕು. ಬುಷ್ ಮಾಡುವವನಿಗೆ ಥ್ರೆಡ್ ಯಾಕೆ ಅಂತ ಸುಮ್ಮನಾದೆ. ಇವತ್ತಿಗೂ ಆ ಗೇರ್ ಸಿಕ್ಕಿಲ್ಲ.

62,000 ಹೇಳಿದವರು 48,000ಕ್ಕೆ ಇಳಿದರು. ಬೆಡ್ ಸವೆದಿದೆ ಅಂತ ತಿಳಿದೇ ಕೊಂಡೆ. ಮುಂದಿನ ಮೂರು ತಿಂಗಳ ತಲೆನೋವಿಗೆ ಈ ತಿಳಿವಳಿಕೆಯೇ ಬೀಜ.

ತಂದದ್ದು, ಕರೆಂಟು ಕೊಟ್ಟದ್ದು

ಮಷಿನ್ ತೂಕ ಸುಮಾರು 280 ಕಿಲೋ, ತಗಡಿನ ಸ್ಟ್ಯಾಂಡ್ ಬೇರೆ. ಟಾಟಾ ಏಸ್‌ಗೆ ಇದು ಭಾರವೇ ಅಲ್ಲ. ತೊಂದರೆ ಇರುವುದು ಎತ್ತುವಾಗ. ಲೇತ್‌ನ ಭಾರವೆಲ್ಲ ಹೆಡ್‌ಸ್ಟಾಕ್ ಕಡೆ ಇರುತ್ತದೆ, ಮೇಲ್ಭಾಗ ಭಾರ, ಮಗುಚಿಕೊಳ್ಳಲು ನೆಪ ಹುಡುಕುತ್ತಿರುತ್ತದೆ. ಸ್ಯಾಡಲ್, ಟೇಲ್‌ಸ್ಟಾಕ್ ಎರಡನ್ನೂ ಬಲತುದಿಗೆ ತಳ್ಳಿ ಲಾಕ್ ಮಾಡಿದೆವು. ಬೆಲ್ಟನ್ನು ಬೆಡ್‌ಗೆ ಸುತ್ತಿದೆವು. ಹಮಾಲರಲ್ಲಿ ಒಬ್ಬ ಲೀಡ್‌ಸ್ಕ್ರೂಗೂ ಸೇರಿಸಿ ಸುತ್ತಿದ್ದ, ಬಿಚ್ಚಿಸಿ ಮತ್ತೆ ಹಾಕಿಸಿದೆ. ಲೀಡ್‌ಸ್ಕ್ರೂ ಬಗ್ಗಿದರೆ ನೆಟ್ಟಗೆ ಮಾಡುವುದು ದೊಡ್ಡ ರಾಮಾಯಣ. ಹಾವೇರಿ, ರಾಣೆಬೆನ್ನೂರು ದಾಟಿ ರಾತ್ರಿ ಎಂಟಕ್ಕೆ ಮನೆ ಮುಟ್ಟಿದೆವು. ಹಿತ್ತಲಿನ ಓಣಿಯಲ್ಲಿ ಪೈಪ್ ಮೇಲೆ ಉರುಳಿಸಿಕೊಂಡು, ಹಾರೆಯಿಂದ ಮೀಟಿಕೊಂಡು ಒಳಗೆ ಸೇರಿಸಿದ್ದಾಯಿತು. "ದನ ಹೋದ ಮೇಲೆ ಕೊಟ್ಟಿಗೆಗೆ ಇದು ಬಂತಾ" ಅಂತ ಅಮ್ಮ ಅಂದರು.

ಮೋಟಾರ್ ಒಂದು ಎಚ್‌ಪಿ, ಮೂರು ಫೇಸಿನದು. ಮನೆಯಲ್ಲಿ ಇರುವುದು ಸಿಂಗಲ್ ಫೇಸ್. ಸಿಂಗಲ್ ಫೇಸ್ ಮೋಟಾರ್ ಕೊಳ್ಳುವುದು ಒಂದು ದಾರಿ. ನಾನು ಮೋಟಾರ್ ವೇಗವನ್ನೂ ಹೊಂದಿಸುವ ಎಲೆಕ್ಟ್ರಾನಿಕ್ ಡ್ರೈವ್ ಹಾಕಿದೆ. 230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಂಡು ಅದು 230 ವೋಲ್ಟಿನ ಮೂರು ಫೇಸ್ ಕೊಡುತ್ತದೆ. ಆದರೆ ಇಂಥ ಸಣ್ಣ ಮೋಟಾರ್‌ಗಳಲ್ಲಿ ವೈಂಡಿಂಗ್ ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ (ಮೂರು ಸುರುಳಿಗಳ ಒಂದೊಂದು ತುದಿ ಸೇರಿಸಿ ಒಂದೇ ಗಂಟು) ಕಟ್ಟಿರುತ್ತಾರೆ. ಅದನ್ನು ಡೆಲ್ಟಾ (ಸುರುಳಿಗಳನ್ನು ತ್ರಿಕೋನದ ಹಾಗೆ ಜೋಡಿಸುವುದು) ಮಾಡಿದರೆ 240ರಲ್ಲಿ ಪೂರ್ತಿ ಶಕ್ತಿಯಿಂದ ಓಡುತ್ತದೆ. ಮುಚ್ಚಳ ತೆಗೆದರೆ ನನ್ನದರಲ್ಲಿ ಮೂರೇ ವೈರ್ ಹೊರಗೆ ಬಂದಿದ್ದವು, ಸ್ಟಾರ್ ಗಂಟು ವೈಂಡಿಂಗ್ ಒಳಗೆ ಹೂತಿತ್ತು. ವೈಂಡಿಂಗ್ ಅಂಗಡಿಯ ಹುಡುಗ ಆ ಗಂಟು ಬಿಚ್ಚಿ ಆರು ವೈರ್ ಹೊರಗೆ ತಂದುಕೊಟ್ಟ, 600 ರೂಪಾಯಿ ತೆಗೆದುಕೊಂಡ. ಮೂರು ತಿಂಗಳಲ್ಲಿ ಅತ್ಯಂತ ಸಲೀಸಾಗಿ ಮುಗಿದ ಕೆಲಸ ಇದು.

ಡ್ರೈವ್ ಹಾಕುವವರು ಎರಡು ವಿಷಯ ಗಮನಿಸಿ. ಇಂಥ ಹಳೆ ಲೇತ್‌ಗಳಲ್ಲಿ ಚಕ್ ಸ್ಪಿಂಡಲ್‌ಗೆ ಥ್ರೆಡ್ ಮೇಲೆ ಕೂರುತ್ತದೆ. ಉಲ್ಟಾ ಓಡಿಸಿದರೆ ಅಥವಾ ಗಕ್ಕನೆ ನಿಲ್ಲಿಸಿದರೆ ಚಕ್ ತಾನೇ ಬಿಚ್ಚಿಕೊಂಡು ಬರಬಹುದು. ಆರಿಂಚಿನ ಚಕ್ ಕಾಲ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ನಾನು ರಿವರ್ಸ್ ಬಂದ್ ಮಾಡಿ, ನಿಲ್ಲುವ ಸಮಯ ನಾಲ್ಕು ಸೆಕೆಂಡ್ ಇಟ್ಟೆ. ಇನ್ನೊಂದು, ಡ್ರೈವ್ ಇದೆ ಅಂತ ವೇಗವನ್ನು ತೀರಾ ಇಳಿಸಿ ದಪ್ಪ ಕಟ್ ಕೊಡಬಾರದು. ಮೋಟಾರ್‌ನ ಫ್ಯಾನೂ ನಿಧಾನ ಆಗುತ್ತದೆ, ಮೋಟಾರ್ ಬಿಸಿಯಾಗುತ್ತದೆ. ನಿಧಾನ ಬೇಕಾದರೆ ಬೆಲ್ಟನ್ನು ಬೇರೆ ಪುಲ್ಲಿಗೆ ಹಾಕಿ, ಇಲ್ಲವೇ ಬ್ಯಾಕ್‌ಗೇರ್ ಬಳಸಿ.

ಬೇರಿಂಗ್ ಕ್ಯಾಪ್‌ನಿಂದ 0.05ರ ಒಂದು ಶಿಮ್ ತೆಗೆದೆ. ಸ್ಪಿಂಡಲ್ ಆಟ 0.02ಕ್ಕೆ ಇಳಿಯಿತು. ಅರ್ಧ ಗಂಟೆ ಓಡಿಸಿ ಕೈಯಿಟ್ಟರೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಗೌಂಡಿಯ ಸ್ಪಿರಿಟ್ ಲೆವೆಲ್ ಬೆಡ್ ಮೇಲೆ ಇಟ್ಟು, ಸ್ಟ್ಯಾಂಡ್ ಕಾಲ ಕೆಳಗೆ ತಗಡಿನ ಚೂರು ತುರುಕಿ, ಗುಳ್ಳೆ ನಡುವೆ ಬಂದ ಮೇಲೆ ಬೋಲ್ಟುಗಳನ್ನು ಗಟ್ಟಿಯಾಗಿ ಬಿಗಿದೆ. ಕೂರಿಸುವ ಕೆಲಸ ಮುಗಿಯಿತು ಅಂದುಕೊಂಡೆ.

ಟೇಪರ್

ಮೊದಲ ರಾಡನ್ನು ಒಂದು ಕಡೆ ಚಕ್‌ನಲ್ಲಿ, ಇನ್ನೊಂದು ಕಡೆ ಟೇಲ್‌ಸ್ಟಾಕ್ ಸೆಂಟರ್‌ನಲ್ಲಿ (ಚೂಪು ಮೊನೆಯ ಆಸರೆ) ಹಿಡಿದು ಟರ್ನ್ ಮಾಡಿದೆ, ಅಂದರೆ ಕೊಯ್ದು ಇಳಿಸಿದೆ. ಟೇಲ್‌ಸ್ಟಾಕ್ ಕಡೆ ದಪ್ಪ, ಚಕ್ ಕಡೆ ಸಣ್ಣ. ಟೇಪರ್ ಅನ್ನುವುದು ಇದಕ್ಕೇ. ಟೇಲ್‌ಸ್ಟಾಕ್ ಸೆಂಟರ್ ಔಟ್ ಆಗಿದೆ ಅಂದುಕೊಂಡು ಅದರ ಸ್ಕ್ರೂ ತಿರುಗಿಸಿ ನನ್ನ ಕಡೆಗೆ ಸರಿಸಿದೆ. ಟೇಪರ್ ಹೋಯಿತು! ಅವತ್ತು ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ.

ಮರುದಿನ ಅದೇ ಟೇಲ್‌ಸ್ಟಾಕ್‌ಗೆ ಡ್ರಿಲ್ ಹಾಕಿ ಬುಷ್‌ಗೆ ತೂತು ಕೊರೆದೆ. ತೂತಿನ ಬಾಯಿ ಅಗಲ, ಒಳಗೆ ಸಣ್ಣ. ಟೇಲ್‌ಸ್ಟಾಕನ್ನು ಸೆಂಟರ್‌ನಿಂದ ನಾನೇ ತಪ್ಪಿಸಿದ್ದೆನಲ್ಲ, ಡ್ರಿಲ್ ಓರೆ ಕೂತಿತ್ತು. ಒಂದು ತಪ್ಪಿಗೆ ಇನ್ನೊಂದು ತಪ್ಪನ್ನು ತೇಪೆ ಹಾಕಿ ಎರಡನ್ನೂ ಉಳಿಸಿಕೊಂಡಿದ್ದೆ. ಟೇಲ್‌ಸ್ಟಾಕನ್ನು ಮೊದಲಿನ ಜಾಗಕ್ಕೆ ತಂದೆ.

ಆಮೇಲೆ ಸರಿಯಾದ ಪರೀಕ್ಷೆ ಮಾಡಿದೆ. 30 ಮಿಲಿಮೀಟರ್ ದಪ್ಪದ ಎಂ.ಎಸ್. (ಮೆದು ಉಕ್ಕಿನ) ರಾಡ್ ತೆಗೆದುಕೊಂಡು ಚಕ್‌ನಿಂದ 120 ಮಿಲಿಮೀಟರ್ ಹೊರಗೆ ಬಿಟ್ಟು ಹಿಡಿಯಬೇಕು. ಟೇಲ್‌ಸ್ಟಾಕ್ ಮುಟ್ಟಬಾರದು. ನಡುವಿನ ಭಾಗವನ್ನು ಸ್ವಲ್ಪ ಇಳಿಸಿ, ಚಕ್ ಹತ್ತಿರ ಒಂದು ಬಳೆ, ತುದಿಯಲ್ಲಿ ಒಂದು ಬಳೆ ಉಳಿಸಬೇಕು, ನಡುವೆ 100 ಮಿಲಿಮೀಟರ್ ಅಂತರ ಇರಲಿ. ಚೂಪಾದ ಟೂಲ್‌ನಿಂದ ಎರಡೂ ಬಳೆಗಳಿಗೆ ಒಂದೇ ಸೆಟ್ಟಿಂಗ್‌ನಲ್ಲಿ ತೆಳುವಾದ ಕಟ್ ಕೊಟ್ಟು ಮೈಕ್ರೋಮೀಟರ್‌ನಲ್ಲಿ ಅಳೆಯಬೇಕು. ತುದಿಯ ಬಳೆ 0.04 ಮಿಲಿಮೀಟರ್ ದಪ್ಪ ಬಂತು. ಫ್ಯಾನ್ ಬುಷ್‌ಗೆ ಇದು ದೊಡ್ಡ ಕುತ್ತಲ್ಲ. ಆದರೆ ಜೂನ್ ಮಧ್ಯದಲ್ಲಿ ಮತ್ತೆ ಅಳೆದಾಗ 0.07 ಆಗಿತ್ತು.

ಮಷಿನ್ ರಿಪೇರಿ ಮಾಡುವ ಒಬ್ಬರನ್ನು ಕರೆಸಿದೆ. ಬಂದವರು ಬೆಡ್ ಮೇಲೆ ಬೆರಳಾಡಿಸಿ, ಚಕ್ ಹತ್ತಿರದ ಮೆಟ್ಟಿಲು ತೋರಿಸಿ, "ಸರ್, ಬೆಡ್ ಹೋಗಿದೆ. ಗ್ರೈಂಡಿಂಗ್ ಮಾಡಿಸಬೇಕು, 22,000 ಆಗುತ್ತೆ" ಅಂದರು. ನನಗೆ ಮೊದಲೇ ಗೊತ್ತಿದ್ದ ವಿಷಯ ಅವರ ಬಾಯಲ್ಲಿ ಬಂತು, ಹಾಗಾಗಿ ಥಟ್ಟನೆ ನಂಬಿದೆ. ಇನ್ನೊಬ್ಬರು ಹೆಡ್‌ಸ್ಟಾಕ್ ತಿರುಗಿದೆ ಅಂದರು. ಮೂರನೆಯವರು ರಾಡ್ ಬಗ್ಗುತ್ತಿದೆ ಅಷ್ಟೇ ಅಂದರು. ಮೂರನೆಯದ್ದನ್ನು ಲೆಕ್ಕ ಹಾಕಿ ನೋಡಿದೆ. 30 ಮಿಲಿಮೀಟರ್ ದಪ್ಪದ ಉಕ್ಕು, 120 ಉದ್ದ, ತೆಳು ಕಟ್‌ನ ಒತ್ತಡ ಐದು ಕಿಲೋ ಅಂದುಕೊಂಡರೂ ವ್ಯಾಸದಲ್ಲಿ 0.01 ದಾಟುವುದಿಲ್ಲ. ಕಟ್ ಮುಂದೆ ಒತ್ತದೆ ಇನ್ನೆರಡು ಸಲ ಟೂಲ್ ಓಡಿಸಿದಾಗಲೂ ಹೆಚ್ಚೇನೂ ಕೊಯ್ಯಲಿಲ್ಲ. ಇಷ್ಟು ಲೆಕ್ಕ ಹಾಕಿದವನು ಬೆಡ್ ವಿಷಯದಲ್ಲಿ ಒಂದು ನಿಮಿಷ ಯೋಚಿಸಲಿಲ್ಲ.

ಚಿಕ್ಕಪ್ಪ ಬಂದರು

ಗ್ರೈಂಡಿಂಗ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ಮಾತು ಕೇಳೋಣ ಅಂತ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾವ ತುದಿ ದಪ್ಪ ಐತಿ?"

"ಆ ಕಡೇದು. ಟೇಲ್‌ಸ್ಟಾಕ್ ಕಡೇದು."

"ಹಂಗಾರೆ ಬೆಡ್ ಯಾಕೆ ಕೊಯ್ಸಾಕ ಹೊಂಟಿ?"

ಅವರು ವಿವರಿಸಿದಾಗ ನಾನು ಫೋನ್ ಹಿಡಿದುಕೊಂಡು ತಲೆ ತಗ್ಗಿಸಿದೆ. ಬೆಡ್ ಸವೆಯುವುದು ಚಕ್ ಹತ್ತಿರ, ಜಾಸ್ತಿ ಸವೆಯುವುದು ಮುಂದಿನ ಹಳಿ. ಸ್ಯಾಡಲ್ ಅಲ್ಲಿಗೆ ಬಂದಾಗ ಮುಂದಕ್ಕೆ, ಅಂದರೆ ನಮ್ಮ ಕಡೆಗೆ ವಾಲುತ್ತದೆ. ಅದರ ಮೇಲಿರುವ ಟೂಲ್‌ನ ಮೊನೆ ಕೊಯ್ಯುತ್ತಿರುವ ರಾಡಿನಿಂದ ದೂರ ಸರಿಯುತ್ತದೆ. ದೂರ ಸರಿದರೆ ಅಲ್ಲಿ ಲೋಹ ಉಳಿಯುತ್ತದೆ. ಅಂದರೆ ಬೆಡ್ ಸವೆದದ್ದೇ ಕಾರಣವಾದರೆ ಚಕ್ ಕಡೆ ದಪ್ಪ ಬರಬೇಕು. ನನ್ನದರಲ್ಲಿ ಉಲ್ಟಾ ಬರುತ್ತಿತ್ತು. ಸವೆತ ಇರುವುದು ನಿಜ, ಈ ಟೇಪರ್‌ಗೂ ಅದಕ್ಕೂ ಸಂಬಂಧ ಇಲ್ಲ. 22,000 ಕೊಟ್ಟು ಗ್ರೈಂಡ್ ಮಾಡಿಸಿದ್ದರೆ ಟೇಪರ್ ಇನ್ನಷ್ಟು ಜಾಸ್ತಿ ಕಾಣುತ್ತಿತ್ತು, ಯಾಕೆಂದರೆ ಸವೆತವೇ ಅದನ್ನು ಸ್ವಲ್ಪ ಮುಚ್ಚಿಡುತ್ತಿತ್ತು!

ಹೆಡ್‌ಸ್ಟಾಕ್ ತಿರುಗಿದೆ ಅನ್ನುವ ಮಾತನ್ನೂ ಹೇಳಿದೆ. "ಮೇ ತಿಂಗಳಾಗ ನಾಕು, ಜೂನ್‌ನಾಗ ಏಳು ಅಂತಿ. ಹೆಡ್‌ಸ್ಟಾಕ್ ವಾರವಾರ ತಿರುಗ್ತದೇನು? ನಿನ್ನ ನೆಲ ನೋಡ್ಬೇಕು, ಭಾನುವಾರ ಬರ್ತೀನಿ" ಅಂದರು.

ಬರುವಾಗ ಹರಿಹರದ ಹಳೆ ಸ್ನೇಹಿತರ ವರ್ಕ್‌ಶಾಪ್‌ನಿಂದ ಮರದ ಪೆಟ್ಟಿಗೆಯಲ್ಲಿ ಒಂದು ಲೆವೆಲ್ ತಂದಿದ್ದರು. ನಾನು ಲುಂಗಿಯಲ್ಲಿ ಕೊಟ್ಟಿಗೆಗೆ ಬಂದೆ. ಲೆವೆಲ್ ತೆಗೆಯುವ ಮುಂಚೆ ಅದಕ್ಕೇ ಬೈಸಿಕೊಂಡೆ. ಲುಂಗಿ ಬೇಡ, ಉದ್ದ ತೋಳು ಬೇಡ, ಕೈಗವಸು ಬೇಡ, ಕೈಯಲ್ಲಿ ದಾರ ಇದ್ದರೆ ಅದೂ ಬೇಡ, ಚಕ್ ಕೀಯಿಂದ ಕೈ ಬಿಡುವುದು ಅದನ್ನು ಚಕ್‌ನಿಂದ ತೆಗೆದ ಮೇಲೆ ಮಾತ್ರ. ಪ್ಯಾಂಟ್ ಹಾಕಿಕೊಂಡು ಬಂದ ಮೇಲೆ ಕೆಲಸ ಮುಂದುವರಿಯಿತು.

ಆ ಲೆವೆಲ್ ಗೌಂಡಿಯದ್ದಲ್ಲ. ಒಂದು ಗೆರೆ ಅಂದರೆ ಮೀಟರಿಗೆ 0.02 ಮಿಲಿಮೀಟರ್ ಏರಿಳಿತ. ಹೆಡ್‌ಸ್ಟಾಕ್ ಹತ್ತಿರ ಬೆಡ್‌ಗೆ ಅಡ್ಡಲಾಗಿ ಇಟ್ಟು ಗುಳ್ಳೆಯನ್ನು ನಡುವೆ ತಂದರು. ಅದನ್ನೇ ಹಾಗೇ ಎತ್ತಿ ಟೇಲ್‌ಸ್ಟಾಕ್ ತುದಿಯಲ್ಲಿ ಇಟ್ಟರು. ಗುಳ್ಳೆ ಹಿಂದಿನ ಕಡೆಗೆ ಓಡಿ ಗಾಜಿನ ನಳಿಕೆಯ ತುದಿಗೆ ಅಂಟಿಕೊಂಡಿತು. ಬೆಡ್ ತಿರುಚಿತ್ತು. ಬಲತುದಿಯ ಮುಂದಿನ ಕಾಲು ಕೆಳಗಿತ್ತು, ಹಾಗಾಗಿ ಆ ಕಡೆ ಹೋದಂತೆ ಸ್ಯಾಡಲ್ ನಮ್ಮ ಕಡೆ ವಾಲಿ, ಟೂಲ್ ದೂರ ಸರಿದು, ಆ ತುದಿ ದಪ್ಪ ಬರುತ್ತಿತ್ತು. ಎರಕದ ಬೆಡ್ ತಿರುಚುತ್ತದಾ ಅಂತ ಅನ್ನಿಸಬಹುದು. ತಿರುಚುತ್ತದೆ. ಲೆಕ್ಕ ಹಾಕಿದರೆ ನನ್ನ 0.04 ಟೇಪರ್‌ಗೆ ಬೇಕಾದದ್ದು ಒಂದು ಕಾಲು ಸುಮಾರು 0.25 ಮಿಲಿಮೀಟರ್ ಕೆಳಗೆ ಇರುವುದು, ಅಷ್ಟೇ. ಬೋಲ್ಟ್ ಬಿಗಿದರೆ ಬೆಡ್ ಅಷ್ಟು ಬಗ್ಗಿ ಕೂರುತ್ತದೆ.

ಇಲ್ಲಿ ಚಿಕ್ಕಪ್ಪ ಒಂದು ಮಾತು ಹೇಳಿದರು. ಲೇತ್ ಭೂಮಿಗೆ ಲೆವೆಲ್ ಇರಲೇಬೇಕು ಅಂತಿಲ್ಲ. ಹಡಗಿನಲ್ಲೂ ಲೇತ್ ಓಡುತ್ತದೆ, ಅಲ್ಲಿ ಯಾವ ಲೆವೆಲ್? ಬೆಡ್‌ನ ಎರಡು ತುದಿ ಒಂದಕ್ಕೊಂದು ಒಂದೇ ಇದ್ದರೆ ಸಾಕು. ನಾನು ಗುಳ್ಳೆ ನಡುವೆ ಬಂದದ್ದನ್ನು ಒಂದೇ ಜಾಗದಲ್ಲಿ ನೋಡಿ ಖುಷಿಪಟ್ಟಿದ್ದೆ.

ಆಮೇಲೆ ಅವರು ಲೆವೆಲನ್ನು ಬಲತುದಿಯಲ್ಲೇ ಇಟ್ಟು, ಗುಳ್ಳೆಯನ್ನು ಮತ್ತೆ ನಡುವೆ ತಂದು, ಮುಂದಿನ ಬಲಗಾಲಿನ ಪಕ್ಕದ ಶಹಾಬಾದ್ ಕಲ್ಲಿನ ಮೇಲೆ ಹೋಗಿ ನಿಂತರು. ಗುಳ್ಳೆ ಸರಿಯಿತು. ಇಳಿದರು, ವಾಪಸ್ ಬಂತು. ಮತ್ತೆ ನಿಂತರು, ಮತ್ತೆ ಸರಿಯಿತು. ಹಾರೆಯಿಂದ ಕಲ್ಲು ತಟ್ಟಿದರು. ಡೊಳ್ಳಿನ ಹಾಗೆ ಟೊಳ್ಳು ಸದ್ದು.

ಕಲ್ಲು ಎಬ್ಬಿಸಿದರೆ ಕೆಳಗೆ ಹೆಗ್ಗಣದ ಬಿಲ. ಒಂದು ಮೊಳ ಆಳ, ಗೋಡೆ ಕಡೆಗೆ ಸುರಂಗ. ಸೂರಿನ ನೀರು ಗೋಡೆ ಬುಡಕ್ಕೆ ಬಿದ್ದು ಅದೇ ಸುರಂಗದಲ್ಲಿ ಹರಿದು ಮಣ್ಣು ಸಡಿಲ ಮಾಡಿತ್ತು. ಜೂನ್ ಮಳೆಗೆ ಟೇಪರ್ ಜಾಸ್ತಿಯಾದದ್ದು ಯಾಕೆ ಅಂತ ಈಗ ತಿಳಿಯಿತು. ದನ ಕಟ್ಟಿದ ಕಾಲದಿಂದಲೂ ಆ ಬಿಲ ಇತ್ತು ಅಂತ ಅಮ್ಮ ಆಮೇಲೆ ಹೇಳಿದರು. ನಾನು ಕೇಳಿರಲಿಲ್ಲವಂತೆ.

ನೆಲ, ಬೋಲ್ಟು, ಶಿಮ್

ಮುಂದಿನದ್ದು ಗೌಂಡಿ ಕೆಲಸ. ಐದಡಿ ಉದ್ದ, ಎರಡೂವರೆ ಅಡಿ ಅಗಲ ಅಗೆಸಿ, ಬಿಲಕ್ಕೆ ಕಲ್ಲು ಜಡಿದು, ಕಬ್ಬಿಣದ ಜಾಲರಿ ಹಾಕಿ ಎಂಟಿಂಚು ಕಾಂಕ್ರೀಟ್ ಹಾಕಿಸಿದೆ. ಸ್ಟ್ಯಾಂಡ್‌ನ ಬೋಲ್ಟುಗಳನ್ನು ಅದರಲ್ಲೇ ಕೂರಿಸಿದರು. ಒದ್ದೆ ಗೋಣಿಚೀಲ ಹೊದಿಸಿ ಮೂರು ವಾರ ನೀರು ಹಾಕಿದೆ. ಗೌಂಡಿ ಒಂದು ವಾರ ಸಾಕು ಅಂದ, ಚಿಕ್ಕಪ್ಪ ಬೇಡ ಅಂದರು. ಸೂರಿನ ನೀರಿಗೆ ಒಂದು ಪೈಪ್ ಕಟ್ಟಿ ಆಚೆ ಬಿಟ್ಟೆ.

ಆಗಸ್ಟ್‌ನಲ್ಲಿ ಲೇತನ್ನು ಮತ್ತೆ ಕೂರಿಸಿದೆವು. ಈ ಸಲ ಬೆಡ್‌ನ ನಾಲ್ಕೂ ಬೋಲ್ಟು ಸಡಿಲ ಬಿಟ್ಟು, ಪ್ರತಿ ಕಾಲಿನ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿದೆವು. ಮೂರು ಕಾಲು ಸ್ಟ್ಯಾಂಡ್ ಮೇಲೆ ಕೂತಿದ್ದವು. ಬಲಗಡೆ ಮುಂದಿನದ್ದಕ್ಕೆ 0.20 ಸಂದು ಇತ್ತು. ಅಂದರೆ ನೆಲ ಸರಿಯಾದ ಮೇಲೂ ಬೋಲ್ಟ್ ಬಿಗಿದಿದ್ದರೆ ಬೆಡ್ ಅದೇ ಕಡೆಗೆ ತಿರುಚುತ್ತಿತ್ತು! ತಗಡಿನ ಸ್ಟ್ಯಾಂಡೇ ಆ ಮೂಲೆಯಲ್ಲಿ ತಗ್ಗಿತ್ತು. ಅಲ್ಲಿ 0.20 ಹಿತ್ತಾಳೆ ಶಿಮ್ ಹಾಕಿದೆವು. ಡಯಲ್ ಕಡ್ಡಿಯನ್ನು ಆ ಕಾಲಿನ ಮೇಲೆ ಇಟ್ಟು ಬೋಲ್ಟ್ ಬಿಗಿದೆ, ಮುಳ್ಳು ಅಲ್ಲಾಡಲಿಲ್ಲ. ಹೀಗೇ ನಾಲ್ಕು ಕಾಲಿಗೂ ಮಾಡಿದೆವು. ಬಿಗಿಯುವಾಗ ಮುಳ್ಳು ಓಡಿದರೆ ಬೆಡ್ ಬಗ್ಗುತ್ತಿದೆ ಅಂತ ಅರ್ಥ. ಮೇ ತಿಂಗಳಲ್ಲಿ ನಾನು ಉದ್ದ ಸ್ಪ್ಯಾನರ್ ಹಾಕಿ ಜಗ್ಗಿದಾಗ ಎಷ್ಟು ಓಡಿತ್ತೋ ಏನೋ.

ಮತ್ತೆ ಎರಡು ಬಳೆಯ ಪರೀಕ್ಷೆ. ತುದಿ 0.015 ದಪ್ಪ ಬಂತು. ಮುಂದಿನ ಬಲಗಾಲಿಗೆ ಇನ್ನೊಂದು 0.05 ಶಿಮ್ ಸೇರಿಸಿದೆವು. ಈ ಸಲ ಎರಡು ಬಳೆಗಳ ನಡುವೆ ನನ್ನ ಮೈಕ್ರೋಮೀಟರ್‌ನ ಒಂದು ಗೆರೆಯಷ್ಟೂ ವ್ಯತ್ಯಾಸ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಲೆವೆಲ್ ಇಲ್ಲದಿದ್ದರೂ ಈ ಕೆಲಸ ಆಗುತ್ತಿತ್ತು. ಲೆವೆಲ್ ಬೇಗ ಹತ್ತಿರ ತರುತ್ತದೆ, ಕೊನೆಯ ಮಾತು ಬಳೆಗಳದ್ದು. ನಿಯಮ ಇಷ್ಟು: ಆ ತುದಿ ದಪ್ಪ ಬಂದರೆ ಬಲಗಡೆ ಮುಂದಿನ ಕಾಲು ಎತ್ತಿ, ಆ ತುದಿ ಸಣ್ಣ ಬಂದರೆ ಬಲಗಡೆ ಹಿಂದಿನ ಕಾಲು ಎತ್ತಿ. ಟೇಲ್‌ಸ್ಟಾಕ್ ಕಡೆ ಕೈ ಹಾಕುವುದು ಇದೆಲ್ಲ ಮುಗಿದ ಮೇಲೆ.

ಬೆಡ್‌ನ ನಿಜವಾದ ಸವೆತ ಈಗ ಬೇರೆಯಾಗಿ ಕಾಣುತ್ತದೆ. 250 ಮಿಲಿಮೀಟರ್ ಉದ್ದದ ರಾಡನ್ನು ಸೆಂಟರ್ ಹಾಕಿ ಟರ್ನ್ ಮಾಡಿದರೆ ಚಕ್ ಕಡೆ 0.02 ದಪ್ಪ ಬರುತ್ತದೆ. ಚಿಕ್ಕಪ್ಪ ಹೇಳಿದ ದಿಕ್ಕಿನಲ್ಲೇ. ನನ್ನ ಬುಷ್ 20 ಮಿಲಿಮೀಟರ್ ಉದ್ದ. ಅದಕ್ಕೆ ಈ ಸವೆತದ ಸುದ್ದಿಯೇ ಇಲ್ಲ.

ಖರ್ಚು ಕೇಳುವವರಿಗೆ: ಮಷಿನ್ 48,000. ಹಮಾಲಿ, ಗಾಡಿ ಬಾಡಿಗೆ 7,500. ಡ್ರೈವ್ 7,200, ಮೋಟಾರ್ ವೈರ್ ಬಿಡಿಸಿದ್ದು 600, ಬೆಲ್ಟ್ 640. ಕಾಂಕ್ರೀಟ್ 4,800. ಡಯಲ್ ಮತ್ತು ಸ್ಟ್ಯಾಂಡ್ 2,400. ಟೂಲ್ ಬಿಟ್ಟು, ಡ್ರಿಲ್ ಚಕ್, ತಿರುಗುವ ಸೆಂಟರ್ ಸೇರಿ 5,900. ಒಟ್ಟು 77,040. ಮೈಕ್ರೋಮೀಟರ್ ಮೊದಲೇ ಇತ್ತು. ಬೇರಿಂಗ್‌ಗೆ ತೆಳು ಸ್ಪಿಂಡಲ್ ಆಯಿಲ್, ಬೆಡ್‌ಗೆ 68 ನಂಬರಿನ ಎಣ್ಣೆ, ಇವು ಚಿಲ್ಲರೆ ಲೆಕ್ಕ. 48,000ಕ್ಕೆ ಮಷಿನ್ ಬಂತು ಅಂತ ಹೇಳಿಕೊಂಡು ತಿರುಗಿದವನು ನಾನು, ಮನೆಯವಳು ಈ ಪಟ್ಟಿಯನ್ನು ಫ್ರಿಜ್ ಮೇಲೆ ಅಂಟಿಸಿದ್ದಾಳೆ.

ಎರಡು ಬಳೆಯ ಆ ರಾಡ್ ಈಗ ಕೊಟ್ಟಿಗೆ ಗೋಡೆಗೆ ತೂಗುಹಾಕಿದೆ. ತಿಂಗಳಿಗೊಮ್ಮೆ ತೆಗೆದು ಚಕ್‌ಗೆ ಹಾಕಿ ತೆಳುವಾದ ಕಟ್ ಕೊಟ್ಟು ಅಳೆಯುತ್ತೇನೆ, ತಾರೀಕು ಮತ್ತು ಅಳತೆಯನ್ನು ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಬರೆಯುತ್ತೇನೆ. ಮಳೆಗಾಲ ಪೂರ್ತಿ ಮುಗಿಯಿತು, ಅಳತೆ ಜರುಗಿಲ್ಲ. ಆದರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಕೊಯ್ದು 30 ಇದ್ದ ಬಳೆಗಳು ಈಗ 27ಕ್ಕೆ ಬಂದಿವೆ. ನಡುವಿನ ಭಾಗಕ್ಕೆ ಸಮ ಆಗುವಷ್ಟರಲ್ಲಿ ಇನ್ನೊಂದು ರಾಡ್ ತರಬೇಕು.